ಕೊಡಗಿನ ಹಳ್ಳಿ ಡೇಟಾ ಇಟ್ಕೊಂಡು ಪಿಸಿಎ, ಕ್ಲಸ್ಟರ್ ಮಾಡೋದು ಹೇಗೆ: ಲೈನ್ ಮನೆ (ತೋಟದ ಕೆಲಸದೋರ ಸಾಲುಮನೆ) ಯಾವ ಕಾಲಂನಲ್ಲಿದೆ ಅಂತ ಮೊದಲು ನೋಡಿ

ಪಿಸಿಎ ಅಂದ್ರೆ ಹತ್ತಾರು ಕಾಲಂನ ಕೆಲವೇ ಮುಖ್ಯ ವ್ಯತ್ಯಾಸಕ್ಕೆ, ಅಂದ್ರೆ ಕಾಂಪೊನೆಂಟ್‌ಗೆ, ಇಳಿಸೋ ಲೆಕ್ಕ. ನಾನು ಮೊದಲ ಸಲ ಅದನ್ನ ಮಾಡಿದ್ದು ಕೊಡಗಿನ ಮೂರು ತಾಲ್ಲೂಕಿನ ಮೇಲೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಆಗ ಇದ್ದಿದ್ದೇ ಮೂರು. ಹದಿನಾಲ್ಕು ವೇರಿಯಬಲ್ ತುಂಬಿದ್ದೆ, ಸಾಕ್ಷರತೆ, ಲಿಂಗಾನುಪಾತ, ಎಸ್‌ಸಿ ಎಸ್‌ಟಿ ಪಾಲು, ಕೆಲಸಗಾರರ ನಾಲ್ಕು ಬಗೆ, ಕೈಗೆ ಸಿಕ್ಕಿದ್ದೆಲ್ಲ. ಮಳೆಗಾಲ, ಇಡೀ ದಿನ ಕರೆಂಟಿಲ್ಲ, ರಾತ್ರಿ ಹನ್ನೊಂದಕ್ಕೆ ಬಂತು, ಎದ್ದು ಕೂತು ರನ್ ಮಾಡಿದ್ರೆ ಎರಡೇ ಕಾಂಪೊನೆಂಟ್‌ನಲ್ಲಿ ನೂರಕ್ಕೆ ನೂರು ವೇರಿಯನ್ಸ್, ಅಂದ್ರೆ ಡೇಟಾದ ವ್ಯತ್ಯಾಸ ಪೂರ್ತಿ ಬಂದ್ಬಿಡ್ತು! ನಿದ್ದೆನೇ ಬರ್ಲಿಲ್ಲ ಖುಷಿಗೆ. ಮಾರನೇ ದಿನ ಗೈಡ್ ಪ್ರಿಂಟೌಟ್ ನೋಡಿ ಒಂದೇ ಮಾತು ಕೇಳಿದ್ರು, "ಮೂರು ಕಾಲಿನ ಸ್ಟೂಲು ಯಾವತ್ತಾದ್ರೂ ಅಲ್ಲಾಡುತ್ತೇನಪ್ಪ?"

ಅರ್ಥ ಆಗೋಕೆ ಎರಡು ದಿನ ಬೇಕಾಯ್ತು. ಮೂರು ಚುಕ್ಕಿ ಎಲ್ಲೇ ಇಟ್ರೂ ಅವು ಒಂದು ಸಮತಲದ ಮೇಲೆ ಬಂದೇ ಬರ್ತವೆ, ಅದಕ್ಕೆ ಎರಡು ದಿಕ್ಕು ಸಾಕು. ಅಂದ್ರೆ ಕೇಸ್ ಎಷ್ಟಿದೆಯೋ ಅದಕ್ಕಿಂತ ಒಂದು ಕಮ್ಮಿ ಕಾಂಪೊನೆಂಟ್‌ಗೇ ಎಲ್ಲ ಮುಗಿದುಹೋಗುತ್ತೆ, ನೀವು ಹದಿನಾಲ್ಕರ ಬದಲು ನಾನೂರು ವೇರಿಯಬಲ್ ಹಾಕಿದ್ರೂ ಅಷ್ಟೇ. ಕೊಡಗಿನ ಬಗ್ಗೆ ಅದು ಏನೂ ಹೇಳಿರ್ಲಿಲ್ಲ, ಜ್ಯಾಮಿತಿ ಬಗ್ಗೆ ಹೇಳಿತ್ತು. ಈಗ ಕುಶಾಲನಗರ, ಪೊನ್ನಂಪೇಟೆ ಸೇರಿ ಐದು ತಾಲ್ಲೂಕಾಗಿದೆ, ಆದ್ರೆ ಐದು ಕೇಸೂ ಸಾಕಾಗಲ್ಲ.

ಈಗ ಅದೇ ತಪ್ಪು ಮಾಡ್ಕೊಂಡು ಜೂನಿಯರ್‌ಗಳು ಫೋನ್ ಮಾಡ್ತಾರೆ, ಅದಕ್ಕೇ ಒಂದ್ಸಲ ಕೂತು ಬರೆದುಬಿಡೋಣ ಅಂತ. ಸೂತ್ರ ಎಲ್ಲ ಪುಸ್ತಕದಲ್ಲೂ ಇದೆ, ಕೊಡಗಿನ ಡೇಟಾ ಮೇಲೆ ಕೂತಾಗ ಕೈ ಎಲ್ಲಿ ಸುಟ್ಕೋತೀವಿ ಅನ್ನೋದು ಪುಸ್ತಕದಲ್ಲಿಲ್ಲ.

ಮೊದಲು ಪ್ರಶ್ನೆ ಒಂದು ವಾಕ್ಯದಲ್ಲಿ ಬರ್ಕೊಳ್ಳಿ. "ಕೊಡಗಿನ ಹಳ್ಳಿಗಳಲ್ಲಿ ಎಷ್ಟು ಥರ ಇದೆ?" ಅಂದ್ರೆ ಕ್ಲಸ್ಟರ್. "ಈ ಇಪ್ಪತ್ತು ಅಂಕಿ ಹಿಂದೆ ಇರೋ ಮುಖ್ಯ ವ್ಯತ್ಯಾಸ ಏನು?" ಅಂದ್ರೆ ಪಿಸಿಎ ಇಲ್ಲ ಫ್ಯಾಕ್ಟರ್ ಅನಾಲಿಸಿಸ್. "ಹೋಂಸ್ಟೇ ಜಾಸ್ತಿ ಇರೋ ಊರಲ್ಲಿ ಗದ್ದೆ ಪಾಳು ಬೀಳೋದು ಜಾಸ್ತಿನಾ, ಬೇರೆದೆಲ್ಲ ಲೆಕ್ಕಕ್ಕೆ ತಗೊಂಡ್ಮೇಲೂ?" ಅಂದ್ರೆ ಮಲ್ಟಿಪಲ್ ರಿಗ್ರೆಷನ್. ಪ್ರಶ್ನೆ ಇಲ್ಲದೆ ಎಲ್ಲ ಮೆಥಡ್ ಓಡಿಸಿದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನೊಂದು ವಿಷ್ಯ, ಎರಡು ಕಾಲಂನ ಸ್ಕ್ಯಾಟರ್ ಪ್ಲಾಟ್‌ನಲ್ಲೇ ಉತ್ತರ ಕಂಡ್ರೆ ಅಲ್ಲೇ ನಿಲ್ಲಿಸಿ, ಮಲ್ಟಿವೇರಿಯೇಟ್ ಅಂದ್ರೆ ಥೀಸಿಸ್ ದಪ್ಪ ಕಾಣುತ್ತೆ ಅನ್ನೋ ಆಸೆಗೆ ಬೀಳ್ಬೇಡಿ.

ಯೂನಿಟ್ ಯಾವುದು? ಗ್ರಾಮ ಪಂಚಾಯ್ತಿ ತಗೊಂಡ್ರೆ ಜಿಲ್ಲೇಲಿ ನೂರರ ಆಸುಪಾಸು ಸಿಗುತ್ತೆ, ಹತ್ತು ಹದಿನೈದು ವೇರಿಯಬಲ್‌ಗೆ ಅದು ಪರ್ವಾಗಿಲ್ಲ. ಕಂದಾಯ ಗ್ರಾಮ ತಗೊಂಡ್ರೆ ಇನ್ನೂ ಜಾಸ್ತಿ, ಆದ್ರೆ ಕೆಲವು ಹಳ್ಳೀಲಿ ಮನೆನೇ ಬೆರಳೆಣಿಕೆ, ಅಲ್ಲಿ ಎರಡು ಕುಟುಂಬ ಬಂದು ಹೋದ್ರೂ ಪರ್ಸೆಂಟೇಜ್ ಕುಣಿಯುತ್ತೆ. ನಾನು ಹೆಚ್ಚಾಗಿ ಪಂಚಾಯ್ತಿ ಮಟ್ಟದಲ್ಲೇ ಕೆಲಸ ಮಾಡಿ, ಒಂದ್ಸಲ ಹಳ್ಳಿ ಮಟ್ಟದಲ್ಲೂ ಓಡಿಸಿ ನೋಡ್ತೀನಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಡೇಟಾ ಹುಡುಕುವಾಗ ಒಂದು ತಮಾಷೆ ಇದೆ. ಜನಗಣತಿಯವ್ರು ಪಿಸಿಎ ಅಂತ ಕರೆಯೋದೇ ಬೇರೆ, ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್, ಹಳ್ಳಿವಾರು ಅಂಕಿ ಪಟ್ಟಿ. ನಮ್ಮ ಪಿಸಿಎ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್. ಹಾಗಾಗಿ ನಾವು ಮಾಡೋದು ಪಿಸಿಎ ಮೇಲೆ ಪಿಸಿಎ. ಥೀಸಿಸ್‌ನಲ್ಲಿ ಎರಡಕ್ಕೂ ಒಂದೇ ಚುಟುಕು ಹೆಸರು ಬಳಸಿ ವೈವಾದಲ್ಲಿ ಪೇಚಾಡಿದವ್ರನ್ನ ಕಣ್ಣಾರೆ ನೋಡಿದೀನಿ. ಆ ಪಟ್ಟಿ ಜೊತೆ ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್‌ನ ವಿಲೇಜ್ ಡೈರೆಕ್ಟರಿ ಸೇರಿಸಿ, ಶಾಲೆ, ಆಸ್ಪತ್ರೆ, ಬಸ್ಸು ಅಲ್ಲಿ ಸಿಗುತ್ತೆ. ಸೇರಿಸುವಾಗ ಊರ ಹೆಸರು ನಂಬ್ಬೇಡಿ, ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದು ಫೈಲ್‌ನಲ್ಲಿ ಒಂದೊಂದು ಥರ, ಗ್ರಾಮದ ಕೋಡ್ ನಂಬರ್ ಹಿಡಿದೇ ಜೋಡಿಸಿ. 2011ರದ್ದೇ ಕೊನೆ ಜನಗಣತಿ ಡೇಟಾ, 2021ರಲ್ಲಿ ನಡೀಲೇ ಇಲ್ಲ, ಹಾಗಾಗಿ ನೀವು ಹೇಳ್ತಿರೋದು 2018ರ ಭೂಕುಸಿತಕ್ಕೂ ಮುಂಚಿನ ಕೊಡಗಿನ ಕಥೆ ಅನ್ನೋದು ನೆನಪಿರ್ಲಿ.

ಈಗ ಅಸಲಿ ವಿಷ್ಯಕ್ಕೆ ಬರೋಣ, ಇದೊಂದು ಓದಿ ಮಿಕ್ಕಿದ್ದು ಬಿಟ್ರೂ ನನಗೆ ಬೇಜಾರಿಲ್ಲ.

ಜನಗಣತಿ ಕೆಲಸಗಾರರನ್ನ ನಾಲ್ಕು ಡಬ್ಬಿಗೆ ಹಾಕುತ್ತೆ: ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆ, ಮತ್ತೆ "ಇತರೆ ಕೆಲಸಗಾರರು". ದೇಶದ ಎಷ್ಟೋ ಅಧ್ಯಯನದಲ್ಲಿ ಈ ಇತರೆ ಅನ್ನೋದು ಜಾಸ್ತಿ ಇದ್ರೆ ಕೃಷಿ ಬಿಟ್ಟು ಆಚೆ ಬಂದಿದ್ದಾರೆ, ಪೇಟೆತನ ಬಂದಿದೆ, ಅಭಿವೃದ್ಧಿ ಆಗಿದೆ ಅಂತ ಓದ್ತಾರೆ. ನಾನೂ ಹಾಗೇ ಓದಿದ್ದೆ. ಪಂಚಾಯ್ತಿ ಮಟ್ಟದಲ್ಲಿ ಓಡಿಸಿದಾಗ ಮೊದಲ ಕಾಂಪೊನೆಂಟ್‌ನಲ್ಲಿ ಇತರೆ ಕೆಲಸಗಾರರು ಜೋರಾಗಿ ಬಂತು, "ನಗರೀಕರಣ" ಅಂತ ಹೆಸರಿಟ್ಟು ಮ್ಯಾಪ್ ಮಾಡಿದ್ರೆ ಸಿದ್ದಾಪುರ, ಅಮ್ಮತ್ತಿ ಕಡೆಯ ಎಸ್ಟೇಟ್ ಊರುಗಳು ಮಡಿಕೇರಿ ಪಕ್ಕದ ಊರಿನ ಬಣ್ಣದಲ್ಲೇ ಹೊಳೀತಿದ್ವು. ಅನುಮಾನ ಬಂದು ಆ ಕಡೆಯ ಒಂದು ತೋಟಕ್ಕೆ ಹೋದೆ. ರೈಟ್ರಣ್ಣ ಕಣದ ಪಕ್ಕ ಕೂತು ಚೆಕ್‌ರೋಲ್ (ಕೆಲಸದೋರ ಹಾಜರಿ ಪುಸ್ತಕ) ಬರೀತಿದ್ರು, ಸಂಜೆ ಹೊತ್ತು, ಹೆಂಗಸರು ಕುಯ್ದ ಕಾಫಿ ಮೂಟೆ ತಂದು ತೂಕಕ್ಕೆ ಸಾಲು ನಿಂತಿದ್ರು. "ಅಣ್ಣ, ಇಲ್ಲಿ ಕೃಷಿ ಕೂಲಿ ಎಷ್ಟು ಜನ?" ಅಂತ ಕೇಳ್ದೆ. ಅವ್ರು ಕನ್ನಡಕ ಮೇಲೆ ಮಾಡಿ, "ಕೃಷಿ ಕೂಲಿನಾ? ಗದ್ದೆ ಕೆಲಸದೋರು ಇಲ್ಲಿ ಯಾರಿದ್ದಾರೆ ಮಾರಾಯ, ಗದ್ದೆನೇ ಪಾಳು ಬಿದ್ದಿದೆ. ಇವರೆಲ್ಲ ತೋಟದ ಕೆಲಸದೋರು" ಅಂದ್ರು.

ಮನೆಗೆ ಬಂದು ಜನಗಣತಿಯ ವ್ಯಾಖ್ಯೆ ತೆಗೆದು ನೋಡಿದ್ರೆ ಅದೇ ಬರೆದಿದೆ. ಟೀ, ಕಾಫಿ, ರಬ್ಬರ್, ತೆಂಗು, ಅಡಿಕೆ ಬೆಳೆಯೋದು ಅವರ ಲೆಕ್ಕದಲ್ಲಿ ಸಾಗುವಳಿನೇ ಅಲ್ಲ, ಪ್ಲಾಂಟೇಷನ್ ಕೆಲಸಗಾರರು ಇತರೆ ಡಬ್ಬಿಗೆ, ಮೇಷ್ಟ್ರು, ಸರ್ಕಾರಿ ನೌಕರರು, ಅಂಗಡಿಯವ್ರ ಜೊತೆಗೇ. ಅಂದ್ರೆ ಲೈನ್ ಮನೇಲಿರೋ ಯರವ ಬುಡಕಟ್ಟಿನ ಹೆಂಗಸು, ಇನ್ನೂರು ಎಕರೆ ತೋಟದ ಯಜಮಾನ್ರು, ಪೋಸ್ಟಾಫೀಸಿನ ಗುಮಾಸ್ತ, ಮೂವರೂ ಒಂದೇ ಕಾಲಂ! ಇದರ ಮೇಲೆ ಎಣಿಕೆಗೆ ಹೋದವ್ರೆಲ್ಲ ಈ ವ್ಯಾಖ್ಯೆ ಒಂದೇ ಥರ ಪಾಲಿಸಿರ್ತಾರೆ ಅನ್ನೋ ಗ್ಯಾರಂಟಿನೂ ಇಲ್ಲ, ಎರಡೆಕರೆ ಕಾಫಿ ಇರೋ ಮನೆಯವ್ರು "ನಾವು ಬೆಳೆಗಾರರು" ಅಂದ್ರೆ ಸಾಗುವಳಿ ಅಂತ ಬರ್ಕೊಂಡಿರ್ಬಹುದು. ಭಾರತದ ಕಾಫಿಯ ಮೂರನೇ ಒಂದು ಭಾಗದಷ್ಟು ಬೆಳೆಯೋ ಜಿಲ್ಲೇಲಿ ಈ ಒಂದು ಕಾಲಂ ಇಡೀ ಅನಾಲಿಸಿಸ್ ತಲೆಕೆಳಗೆ ಮಾಡುತ್ತೆ, ಸಾಫ್ಟ್‌ವೇರ್ ತುಟಿ ಪಿಟಕ್ ಅನ್ನಲ್ಲ.

ಪರಿಹಾರ ಏನು? ಆ ಕಾಲಂನ ಒಂಟಿಯಾಗಿ ಬಿಡ್ಬೇಡಿ. ತೋಟದ ವಿಸ್ತೀರ್ಣದ ಪಾಲು ಇನ್ನೊಂದು ವೇರಿಯಬಲ್ ಆಗಿ ತನ್ನಿ, ಬ್ಯಾಂಕ್, ಕಾಲೇಜು, ದಿನಾ ಓಡೋ ಬಸ್ಸು ಇಂಥವು ಸೇರಿಸಿ, ಆಗ ಪೇಟೆಯ ಇತರೆ ಬೇರೆ, ತೋಟದ ಇತರೆ ಬೇರೆ ಆಗಿ ಒಡೆಯೋ ಸಾಧ್ಯತೆ ಇರುತ್ತೆ. ಒಡೀಲಿಲ್ಲ ಅಂದ್ರೆ ಪ್ರಾಮಾಣಿಕವಾಗಿ ಕಾಲಂ ಬಿಟ್ಟುಬಿಡಿ.

ಇದೇ ಥರ ಎಣಿಕೆ ಸಮಯ ನೋಡಿ. 2011ರ ಎಣಿಕೆ ಆಗಿದ್ದು ಫೆಬ್ರವರಿ 9ರಿಂದ 28, ಲೆಕ್ಕದ ದಿನ ಮಾರ್ಚ್ 1. ಕೊಡಗಲ್ಲಿ ಆಗ ರೊಬಸ್ಟಾ ಕೊಯ್ಲು, ಹೊರಗಿಂದ ಬಂದ ಕೆಲಸಗಾರರು ತೋಟ ತುಂಬಿರ್ತಾರೆ. ಆಗಸ್ಟ್‌ನಲ್ಲಿ ಎಣಿಸಿದ್ರೆ ಬೇರೆ ಚಿತ್ರ ಬರ್ತಿತ್ತು. ಆರು ತಿಂಗಳಿಗಿಂತ ಕಮ್ಮಿ ಕೆಲಸ ಮಾಡಿದವ್ರು ಮಾರ್ಜಿನಲ್ ಕೆಲಸಗಾರರು, ಆ ಕಾಲಂ ಇಲ್ಲಿ ಬಡತನಕ್ಕಿಂತ ಸೀಸನ್ ತೋರಿಸ್ತಿರ್ಬಹುದು. ಲಿಂಗಾನುಪಾತನೂ ಅಷ್ಟೇ, ಜಿಲ್ಲೇಲಿ ಸಾವಿರ ಗಂಡಸರಿಗೆ 1019 ಹೆಂಗಸರು, ಬೇರೆ ಕಡೆ ಇದನ್ನ ಹೆಣ್ಣುಮಕ್ಕಳ ಸ್ಥಿತಿ ಚೆನ್ನಾಗಿದೆ ಅಂತ ಓದ್ತಾರೆ, ಇಲ್ಲಿ ಮನೆ ಗಂಡಸರು ಸೈನ್ಯದಲ್ಲೋ ಬೆಂಗಳೂರಲ್ಲೋ ಇರೋದೂ ಅದ್ರೊಳಗೆ ಸೇರಿರುತ್ತೆ. ಜಮೀನಿಂದು ಕೇಳ್ಲೇಬೇಡಿ. ಜಮ್ಮಾ, ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಾಗ ಆದ್ರೆ ಪಹಣೀಲಿ ಪಟ್ಟೇದಾರರ (ಮನೆತನದ ಯಜಮಾನರ) ಹೆಸರು, ಅದರ ಹಿಂದೆ ಇಡೀ ಒಕ್ಕ (ಮನೆತನ), ಹಾಗಾಗಿ "ಒಬ್ಬರಿಗೆ ಸರಾಸರಿ ಎಷ್ಟು ಎಕರೆ" ಅಂತ ದಾಖಲೆ ನೋಡಿ ಲೆಕ್ಕ ಹಾಕಿದ್ರೆ ಇಲ್ಲದ ಜಮೀನ್ದಾರರನ್ನ ನೀವೇ ಹುಟ್ಟಿಸಿದ ಹಾಗೆ.

ಸರಿ, ಕಾಲಂ ಅರ್ಥ ಆಯ್ತು ಅಂದ್ಕೊಳ್ಳೋಣ. ಮುಂದೆ ಅಂಕಿ ಹದ ಮಾಡೋದು.

ಒಟ್ಟು ಸಂಖ್ಯೆ ಹಾಗೇ ಹಾಕಿದ್ರೆ ಮೊದಲ ಕಾಂಪೊನೆಂಟ್ ಯಾವಾಗ್ಲೂ "ಊರು ಎಷ್ಟು ದೊಡ್ಡದು" ಅಂತ ಮಾತ್ರ ಹೇಳುತ್ತೆ, ಅದಕ್ಕೆ ಪರ್ಸೆಂಟೇಜ್ ಮಾಡಿ. ಮಾಡುವಾಗ ಕೆಳಗಿನ ಸಂಖ್ಯೆ ಸರಿ ಇರ್ಲಿ. ಸುಮ್ನೆ ಒಂದು ಊರು ಕಲ್ಪಿಸ್ಕೊಳ್ಳಿ, ಜನ 612, ಅದ್ರಲ್ಲಿ ಆರು ವರ್ಷದ ತನಕದ ಮಕ್ಕಳು 58, ಅಕ್ಷರಸ್ಥರು 443. ಎಷ್ಟೋ ಜನ 443ನ 612ರಿಂದ ಭಾಗಿಸಿ 72.4 ಅಂತಾರೆ. ಸಾಕ್ಷರತೆ ಲೆಕ್ಕದಲ್ಲಿ ಮಕ್ಕಳನ್ನ ಬಿಡ್ಬೇಕು, 554ರಿಂದ ಭಾಗಿಸಿದ್ರೆ ಸುಮಾರು 80. ಮಕ್ಕಳು ಜಾಸ್ತಿ ಇರೋ ಬುಡಕಟ್ಟು ಹಾಡಿಗಳಿಗೆ ಈ ತಪ್ಪಿಂದ ಎರಡು ಸಲ ಪೆಟ್ಟು ಬೀಳುತ್ತೆ.

ನಾಲ್ಕು ಬಗೆ ಕೆಲಸಗಾರರ ಪರ್ಸೆಂಟ್ ಕೂಡಿದ್ರೆ ನೂರು. ನಾಲ್ಕನ್ನೂ ಹಾಕಿದ್ರೆ ಒಂದು ಉಳಿದ ಮೂರರಿಂದ ತಾನಾಗೇ ಬರುತ್ತೆ, ಕೋರಿಲೇಷನ್ ಮ್ಯಾಟ್ರಿಕ್ಸ್ ಮಗುಚ್ಕೊಳ್ಳುತ್ತೆ, ಕೆಎಂಒ (ಈ ಕಾಲಂಗಳು ಪಿಸಿಎಗೆ ಹೊಂದುತ್ವಾ ಅಂತ ಹೇಳೋ ಅಂಕಿ) ಬರ್ದೆ ಎರರ್ ಬರುತ್ತೆ. ಒಂದು ತೆಗೀರಿ, ಇಲ್ಲಾಂದ್ರೆ ಲಾಗ್ ರೇಷಿಯೋ ಕಲಿತು ಮಾಡಿ. ಒಟ್ಟು ಸಾಕ್ಷರತೆ, ಗಂಡಸರದ್ದು, ಹೆಂಗಸರದ್ದು ಮೂರೂ ತುಂಬೋದೂ ಇದೇ ಜಾತಿ ತಪ್ಪು, ಒಂದೇ ವಿಷ್ಯಕ್ಕೆ ಮೂರು ವೋಟು ಕೊಟ್ಟ ಹಾಗೆ. ಹೆಂಗಸರ ಸಾಕ್ಷರತೆ ಇಟ್ಕೊಂಡು, ಬೇಕಾದ್ರೆ ಗಂಡು ಹೆಣ್ಣಿನ ಅಂತರ ಇನ್ನೊಂದಾಗಿ ಇಟ್ಕೊಳ್ಳಿ.

ಎಸ್‌ಟಿ ಪಾಲಿನ ಹಿಸ್ಟೋಗ್ರಾಂ ತೆಗೆದು ನೋಡಿ, ಬಹಳ ಊರಲ್ಲಿ ಕಮ್ಮಿ, ತಿತಿಮತಿ, ಬಾಳೆಲೆ, ಕುಟ್ಟದ ಕಾಡಂಚಲ್ಲಿ ಮಾತ್ರ ಎತ್ತರ, ಬಾಲ ಉದ್ದ. ಲಾಗ್ ಇಲ್ಲ ವರ್ಗಮೂಲ ತಗೊಂಡ್ರೆ ಸ್ವಲ್ಪ ಪಳಗುತ್ತೆ, ಸೊನ್ನೆ ಇರೋ ಊರಿದ್ರೆ ವರ್ಗಮೂಲನೇ ವಾಸಿ. ಆಮೇಲೆ ಎಲ್ಲವನ್ನೂ ಝಡ್ ಸ್ಕೋರ್ ಮಾಡಿ, ಸರಾಸರಿ ಕಳೆದು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸೋದು. ಎಸ್‌ಪಿಎಸ್‌ಎಸ್ ಅನ್ನೋ ಸಾಫ್ಟ್‌ವೇರ್ ಕೋರಿಲೇಷನ್ ಮ್ಯಾಟ್ರಿಕ್ಸ್ ತಾನೇ ತಗೊಳ್ಳುತ್ತೆ, ಆದ್ರೆ ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಬಳಸೋ ಪಿಸಿಎ ಫಂಕ್ಷನ್ ನೀವು ಹೇಳದ ಹೊರತು ಸ್ಕೇಲ್ ಮಾಡಲ್ಲ, ಆಗ ದೊಡ್ಡ ಅಂಕಿಯ ಕಾಲಂ, ಅಂದ್ರೆ ಜನಸಾಂದ್ರತೆನೋ ಮಳೆ ಮಿಲಿಮೀಟರೋ, ಎಲ್ಲರನ್ನೂ ನುಂಗಿ ಕೂತಿರುತ್ತೆ.

ಈಗ ಓಡಿಸಿ. ಮೊದಲು ಕೆಎಂಒ ನೋಡಿ, 0.6ಕ್ಕಿಂತ ಕೆಳಗಿದ್ರೆ ಯಾವ ವೇರಿಯಬಲ್ ಒಂಟಿ ಅಂತ ಹುಡುಕಿ ತೆಗೀರಿ. ಬಾರ್ಟ್‌ಲೆಟ್ ಟೆಸ್ಟ್, ಕಾಲಂಗಳ ಮಧ್ಯೆ ಸಂಬಂಧ ಇದೆಯಾ ಅಂತ ನೋಡೋದು, ಎಲ್ಲರೂ ಹಾಕ್ತಾರೆ, ಹಾಕಿ, ಅದು ಪಾಸಾಗದೇ ಇರೋದು ಅಪರೂಪ. ಎಷ್ಟು ಕಾಂಪೊನೆಂಟ್ ಇಟ್ಕೊಳ್ಳೋದು ಅನ್ನೋದೇ ಜಗಳದ ಜಾಗ. ಹದಿನಾಲ್ಕು ವೇರಿಯಬಲ್ ಅಂದ್ರೆ ಒಟ್ಟು ವೇರಿಯನ್ಸ್ 14, ಒಂದು ಕಾಂಪೊನೆಂಟ್‌ನ ಐಗನ್‌ವ್ಯಾಲ್ಯೂ, ಅಂದ್ರೆ ಅದು ಹೊರೋ ವೇರಿಯನ್ಸ್, 4.2 ಇದ್ರೆ ಅದು 30 ಪರ್ಸೆಂಟ್ ಹೊತ್ಕೊಂಡಿದೆ. ಒಂದಕ್ಕಿಂತ ಜಾಸ್ತಿ ಇರೋದೆಲ್ಲ ಇಟ್ಕೊಳ್ಳಿ ಅನ್ನೋದು ಕೈಸರ್ ನಿಯಮ, ಎಸ್‌ಪಿಎಸ್‌ಎಸ್‌ನಲ್ಲಿ ಅದೇ ಡೀಫಾಲ್ಟ್, ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಜಾಸ್ತಿನೇ ಕೊಡುತ್ತೆ. ನಾನು ಪ್ಯಾರಲಲ್ ಅನಾಲಿಸಿಸ್ ನಂಬ್ತೀನಿ, ಹಾರ್ನ್ ಅನ್ನೋರು 1965ರಲ್ಲಿ ಕೊಟ್ಟಿದ್ದು: ಅಷ್ಟೇ ಸಾಲು ಅಷ್ಟೇ ಕಾಲಂನ ಬರೀ ಹುಚ್ಚಾಪಟ್ಟೆ ಅಂಕಿ ಕಂಪ್ಯೂಟರ್‌ನಿಂದ ನೂರಾರು ಸಲ ಹುಟ್ಟಿಸಿ, ಅದ್ರಲ್ಲಿ ಬರೋ ಐಗನ್‌ವ್ಯಾಲ್ಯೂಗಿಂತ ನಿಮ್ಮದು ಮೇಲಿದ್ರೆ ಮಾತ್ರ ಇಟ್ಕೊಳ್ಳಿ.

ಪಿಸಿಎ ಮತ್ತೆ ಫ್ಯಾಕ್ಟರ್ ಅನಾಲಿಸಿಸ್ ಒಂದೇ ಅಂತ ಬರೀಬೇಡಿ. ಪಿಸಿಎ ಸಂಕ್ಷೇಪ ಮಾಡೋದು, 1901ರಲ್ಲಿ ಕಾರ್ಲ್ ಪಿಯರ್ಸನ್ ಶುರು ಮಾಡಿದ್ದು. ಫ್ಯಾಕ್ಟರ್ ಅನಾಲಿಸಿಸ್ ಹಿಂದೆ ಕಾಣದ ಕಾರಣ ಇದೆ ಅಂತ ಊಹೆ ಮಾಡುತ್ತೆ. ಎಸ್‌ಪಿಎಸ್‌ಎಸ್‌ನಲ್ಲಿ ಎರಡೂ "ಫ್ಯಾಕ್ಟರ್" ಮೆನುವಲ್ಲೇ ಇರೋದ್ರಿಂದ ಈ ಗೊಂದಲ. ಅರ್ಥ ಸುಲಭ ಆಗ್ಲಿ ಅಂತ ಫ್ಯಾಕ್ಟರ್‌ಗಳ ದಿಕ್ಕು ತಿರುಗಿಸೋದಾದ್ರೆ (ರೊಟೇಷನ್) ಎಲ್ಲರೂ ವ್ಯಾರಿಮ್ಯಾಕ್ಸ್ ಒತ್ತುತ್ತಾರೆ, ಅದು ಫ್ಯಾಕ್ಟರ್‌ಗಳಿಗೆ ಒಂದಕ್ಕೊಂದು ಸಂಬಂಧ ಇರ್ಬಾರ್ದು ಅಂತ ಕಟ್ಟಿಹಾಕುತ್ತೆ. ಬಡತನಕ್ಕೂ ದೂರಕ್ಕೂ ಸಂಬಂಧ ಇಲ್ಲ ಅಂತ ಕೊಡಗಲ್ಲಿ ಯಾರು ಹೇಳ್ತಾರೆ? ಸಂಬಂಧ ಇರೋಕೆ ಬಿಡೋ ಓಬ್ಲಿಮಿನ್ ಹಾಕಿ ನೋಡಿ, ಎರಡರ ಮಧ್ಯೆ ವ್ಯತ್ಯಾಸ ಇಲ್ಲದಿದ್ರೆ ಆಗ ವ್ಯಾರಿಮ್ಯಾಕ್ಸ್.

ಸ್ಕೋರ್ ಹೇಗೆ ಬರುತ್ತೆ ಅಂತ ಒಂದ್ಸಲ ಕೈಯಲ್ಲೇ ಮಾಡಿ. ಕಲ್ಪಿತ ಊರು, ಎಸ್‌ಟಿ ಪಾಲಿನ ಝಡ್ +1.2, ಮಾರ್ಜಿನಲ್ ಕೆಲಸಗಾರರು +0.8, ಹೆಂಗಸರ ಸಾಕ್ಷರತೆ −1.0. ತೂಕ ಕ್ರಮವಾಗಿ 0.5, 0.6, −0.6. ಗುಣಿಸಿ ಕೂಡಿ: 0.60, 0.48, 0.60, ಒಟ್ಟು 1.68. ಅಷ್ಟೇ ಮ್ಯಾಜಿಕ್ಕು. ಇಲ್ಲೊಂದು ಹಳ್ಳ ಇದೆ, ಪ್ಲಸ್ಸು ಮೈನಸ್ಸು ಚಿಹ್ನೆಗೆ ಇಲ್ಲಿ ಸ್ವಂತ ಅರ್ಥ ಇಲ್ಲ, ಬೇರೆ ಸಾಫ್ಟ್‌ವೇರ್‌ನಲ್ಲಿ ಇದೇ ಊರು −1.68 ಬರ್ಬಹುದು. ಒಂದು ಸೆಮಿನಾರ್‌ಗೆ ಹಿಂದಿನ ರಾತ್ರಿ ಆರ್‌ನಲ್ಲಿ ಮತ್ತೆ ರನ್ ಮಾಡಿ ಹಳೇ ಬಣ್ಣನೇ ಉಳಿಸ್ಕೊಂಡು ಹೋಗಿದ್ದೆ, ಸ್ಕ್ರೀನ್ ಮೇಲೆ ಕಾಡಂಚಿನ ಹಾಡಿಗಳೆಲ್ಲ "ಅತಿ ಅನುಕೂಲಸ್ಥ", ಮಡಿಕೇರಿ ಸುತ್ತ "ಅತಿ ಹಿಂದುಳಿದ". ಮುಂದಿನ ಸಾಲಲ್ಲಿ ಕೂತಿದ್ದ ಪೊನ್ನಂಪೇಟೆ ಕಡೆಯ ಹಿರಿಯರೊಬ್ರು ನಗು ತಡ್ಕೊಳ್ಳೋಕಾಗ್ದೆ ಕೆಮ್ಮಿದ್ರು.

ಕ್ಲಸ್ಟರ್‌ಗೆ ಬಂದ್ರೆ, ನಾನು ಮೊದಲು ವಾರ್ಡ್ ವಿಧಾನದಲ್ಲಿ ಮರ ಬೆಳೆಸಿ ಎಷ್ಟು ಕೊಂಬೆ ಅಂತ ಅಂದಾಜು ಮಾಡಿ, ಆಮೇಲೆ ಕೆ ಮೀನ್ಸ್ (ಊರುಗಳನ್ನ ಹತ್ತಿರದ ಕೇಂದ್ರಕ್ಕೆ ಸೇರಿಸಿ ಗುಂಪು ಮಾಡೋ ವಿಧಾನ) ಐವತ್ತು ಬೇರೆ ಬೇರೆ ಆರಂಭದಿಂದ ಓಡಿಸ್ತೀನಿ, ಒಂದೇ ಸಲ ಓಡಿಸಿದ್ರೆ ನಾಳೆ ಬೇರೆ ಉತ್ತರ ಬರುತ್ತೆ. ಪಟ್ಟಣಗಳನ್ನ ಹೊರಗಿಡಿ, ಇಲ್ಲಾಂದ್ರೆ ಮಡಿಕೇರಿನೇ ಒಂದು ಕ್ಲಸ್ಟರ್, ಉಳಿದ ಇಡೀ ಜಿಲ್ಲೆ ಇನ್ನೊಂದು. ಗುಂಪುಗಳು ಎಷ್ಟು ಚೆನ್ನಾಗಿ ಬೇರೆ ಆಗಿವೆ ಅಂತ ಹೇಳೋ ಸಿಲೂಯೆಟ್ ಅಂಕಿ ನೋಡಿ, ಆದ್ರೆ ಅದೊಂದನ್ನೇ ನಂಬಿ ಆರು ಬೇಕೋ ಐದು ಬೇಕೋ ತೀರ್ಮಾನ ಮಾಡ್ಬೇಡಿ, ಪ್ರತಿ ಗುಂಪಿಂದ ಎರಡು ಊರಿಗೆ ಹೋಗಿ ಬನ್ನಿ. ಜಮ್ಮಾ, ಬಾಣೆ, ಸಾಗು, ಪೈಸಾರಿ ಅಂತ ಜಮೀನಿನ ಬಗೆ ಹೇಳೋ, ಅಂಕಿ ಅಲ್ಲದ ಬರೀ ಹೆಸರಿನ ವೇರಿಯಬಲ್ ಇದ್ರೆ ಅದಕ್ಕೆ ಒಂದು ಎರಡು ಮೂರು ಅಂತ ನಂಬರ್ ಕೊಟ್ಟು ಕೆ ಮೀನ್ಸ್‌ಗೆ ಹಾಕೋದು ಅನ್ಯಾಯ, ಅಂಕಿ, ಹೆಸರು ಎರಡನ್ನೂ ಸೇರಿಸಿ ಅಳೆಯೋ ಗೋವರ್ ದೂರ ಬಳಸಿ, ಎಲ್ಲವೂ ಹೆಸರೇ ಆದ್ರೆ ಮಲ್ಟಿಪಲ್ ಕರೆಸ್ಪಾಂಡೆನ್ಸ್ ಅನಾಲಿಸಿಸ್.

ದೂರ ಅಂದಾಗ ನೆನಪಾಯ್ತು. ಒಂದಕ್ಕೊಂದು ಹೊಂದ್ಕೊಂಡಿರೋ ವೇರಿಯಬಲ್ ಇದ್ದಾಗ ಸಾದಾ ದೂರ ಒಂದೇ ವಿಷ್ಯನ ಎರಡು ಸಲ ಎಣಿಸುತ್ತೆ, ಅದನ್ನ ಸರಿಪಡಿಸೋದೇ ಮಹಾಲನೋಬಿಸ್ ದೂರ, 1936ರ ಪ್ರಬಂಧ. ಅದನ್ನ ದೊಡ್ಡದಾಗಿ ಬಳಸಿದವ್ರಲ್ಲಿ ಒಬ್ರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. 1946ರಲ್ಲಿ ಕೇಂಬ್ರಿಡ್ಜ್‌ಗೆ ಹೋಗಿದ್ದೇ ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಮೂಳೆಗಳ ಅಳತೆಯನ್ನ ಈ ವಿಧಾನದಲ್ಲಿ ನೋಡೋಕೆ. ಮಲ್ಟಿವೇರಿಯೇಟ್ ಅಂದ್ರೆ ಫಾರಿನ್ ವಿದ್ಯೆ ಅಂತ ಹೆದರೋ ಹುಡುಗರಿಗೆ ನಾನು ಇದನ್ನ ಹೇಳ್ತಿರ್ತೀನಿ.

ಭೂಗೋಳದವ್ರಿಗೆ ಮಾತ್ರ ಇರೋ ತಲೆನೋವು ಇನ್ನು ಮುಂದೆ. ಅಕ್ಕಪಕ್ಕದ ಊರು ಒಂದೇ ಥರ ಇರ್ತವೆ, ಟಾಬ್ಲರ್ 1970ರಲ್ಲಿ ಹೇಳಿದ್ದು ಇದನ್ನೇ, ಹಾಗಾಗಿ ನೂರು ಪಂಚಾಯ್ತಿ ಅಂದ್ರೆ ನೂರು ಸ್ವತಂತ್ರ ಸಾಕ್ಷಿ ಅಲ್ಲ. ರಿಗ್ರೆಷನ್ ಮಾಡಿದ್ರೆ ಉಳಿಕೆ (ಮಾಡೆಲ್ ವಿವರಿಸದೆ ಬಿಟ್ಟಿದ್ದು) ಮೇಲೆ ಮೊರಾನ್ಸ್ ಐ, ಅಂದ್ರೆ ಅಕ್ಕಪಕ್ಕದ ಊರು ಎಷ್ಟು ಹೋಲ್ತವೆ ಅನ್ನೋ ಅಳತೆ, ನೋಡ್ಲೇಬೇಕು, ಜಿಯೋಡಾ ಸಾಫ್ಟ್‌ವೇರ್‌ನಲ್ಲಿ ಎರಡು ಕ್ಲಿಕ್ ಕೆಲಸ, ಫ್ರೀ ಬೇರೆ. ಆದ್ರೆ ಯಾರು ಯಾರಿಗೆ ನೆರೆ ಅಂತ ತೀರ್ಮಾನಿಸೋದು ನೀವು. ಮ್ಯಾಪಲ್ಲಿ ಗಡಿ ಅಂಟಿದ್ರೆ ನೆರೆ ಅನ್ನುತ್ತೆ ಸಾಫ್ಟ್‌ವೇರ್, ಪುಷ್ಪಗಿರಿಯ ಈಚೆ ಸೋಮವಾರಪೇಟೆ ಕಡೆ ಊರು, ಆಚೆ ಸುಬ್ರಹ್ಮಣ್ಯ, ನಡೆದ್ರೆ ಒಂದಿಡೀ ದಿನ, ಬಸ್ಸಲ್ಲಾದ್ರೆ ಊರೆಲ್ಲ ಸುತ್ತಬೇಕು, ಅದೆಂಥ ನೆರೆ? ಉಲ್ಟಾ, ಕುಶಾಲನಗರದಿಂದ ಕಾವೇರಿ ದಾಟಿದ್ರೆ ಬೈಲಕುಪ್ಪೆ, ದಿನಾ ಓಡಾಟ ಇದೆ, ಆದ್ರೆ ಅದು ಮೈಸೂರು ಜಿಲ್ಲೆ ಆದ್ರಿಂದ ನಿಮ್ಮ ಫೈಲಲ್ಲೇ ಇಲ್ಲ. ಗಡಿಯಾಚೆಯ ಒಂದು ಸುತ್ತು ಊರುಗಳ ಡೇಟಾನೂ ತಗೊಳ್ಳಿ, ಕೊನೆಗೆ ಮ್ಯಾಪಿಂದ ತೆಗೀಬಹುದು.

ಪಂಚಾಯ್ತಿ, ಹಳ್ಳಿ ಎರಡು ಮಟ್ಟದಲ್ಲೂ ಓಡಿಸ್ತೀನಿ ಅಂದ್ನಲ್ಲ, ಕಾರಣ ಇದು: ಗಡಿ ಬದಲಾದ್ರೆ ಉತ್ತರ ಬದಲಾಗುತ್ತೆ. ಓಪನ್‌ಶಾ ಮತ್ತು ಟೇಲರ್ 1979ರಲ್ಲಿ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನ ಬೇರೆ ಬೇರೆ ಥರ ಗುಂಪು ಮಾಡಿ ನೋಡಿದ್ರು, ಅದೇ ಎರಡು ವೇರಿಯಬಲ್‌ನ ಕೋರಿಲೇಷನ್ −1ರ ಹತ್ತಿರದಿಂದ +1ರ ಹತ್ತಿರದ ತನಕ ಎಲ್ಲಿ ಬೇಕಾದ್ರೂ ಬರೋ ಹಾಗೆ ಮಾಡಬಹುದಿತ್ತು! ಇದರ ಅಣ್ಣ ಇನ್ನೊಂದು ತಪ್ಪು, ಊರಿನ ಅಂಕಿ ನೋಡಿ ಮನುಷ್ಯರ ಬಗ್ಗೆ ಹೇಳೋದು. ರಾಬಿನ್ಸನ್ 1950ರಲ್ಲಿ ತೋರಿಸಿದ್ರು, ಅಮೆರಿಕದ 48 ರಾಜ್ಯಗಳ ಮಟ್ಟದಲ್ಲಿ ವಿದೇಶದಲ್ಲಿ ಹುಟ್ಟಿದವ್ರ ಪಾಲಿಗೂ ಅನಕ್ಷರತೆಗೂ ಕೋರಿಲೇಷನ್ −0.53, ಅದೇ ವ್ಯಕ್ತಿ ಮಟ್ಟದಲ್ಲಿ +0.12. ವಲಸೆ ಬಂದವ್ರು ಸಾಕ್ಷರತೆ ಜಾಸ್ತಿ ಇದ್ದ ರಾಜ್ಯಗಳಲ್ಲೇ ಹೋಗಿ ನೆಲೆಸಿದ್ದು ಕಾರಣ. ಕೊಡಗಲ್ಲಿ ಎಸ್‌ಟಿ ಪಾಲು ಜಾಸ್ತಿ ಇರೋ ಪಂಚಾಯ್ತೀಲಿ ಆದಾಯ ಜಾಸ್ತಿ ಅಂತ ಬಂದ್ರೆ ಆ ಆದಾಯ ಯರವರದ್ದಾಗಿರ್ಬೇಕಿಲ್ಲ, ಪಕ್ಕದ ದೊಡ್ಡ ತೋಟದ್ದಾಗಿರ್ಬಹುದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿದ್ಮೇಲೆ ಎಲ್ಲರೂ ವಲ್ನರಬಿಲಿಟಿ ಇಂಡೆಕ್ಸ್ (ಯಾವ ಊರಿಗೆ ಪೆಟ್ಟು ಜಾಸ್ತಿ ಅಂತ ಹೇಳೋ ಸೂಚ್ಯಂಕ) ಮಾಡೋಕೆ ಹೊರಟ್ರು. ಮಾದರಿ ಎಲ್ಲರಿಗೂ ಒಂದೇ, ಕಟ್ಟರ್ ಮತ್ತವ್ರ ಜೊತೆಗಾರರ 2003ರ ಸೂಚ್ಯಂಕ, ಅಮೆರಿಕದ ಕೌಂಟಿಗಳ 42 ವೇರಿಯಬಲ್ 11 ಫ್ಯಾಕ್ಟರ್‌ಗೆ ಇಳಿಸಿ ಸಮ ತೂಕದಲ್ಲಿ ಕೂಡಿದ್ದು. ಒಳ್ಳೇದೇ, ಆದ್ರೆ ಹಾಗೇ ಎತ್ಕೊಂಡು ಬಂದ್ರೆ ಕಲಸುಮೇಲೋಗರ. ನಮ್ಮಲ್ಲೇ ಸಂಯುಕ್ತ ಸೂಚ್ಯಂಕದ ಅನುಭವ ಇದೆ, 2002ರ ನಂಜುಂಡಪ್ಪ ಸಮಿತಿ ವರದಿ 35 ಸೂಚಕ ಇಟ್ಕೊಂಡು ಆಗಿನ 175 ತಾಲ್ಲೂಕನ್ನ ಅಳೆದು 114 ಹಿಂದುಳಿದವು ಅಂತ ಗುರುತಿಸ್ತು, ಸೂಚಕ ಹೇಗೆ ಆರಿಸ್ಬೇಕು ಅಂತ ಕಲಿಯೋಕೆ ಅದನ್ನ ಓದಿ. ಗುಡ್ಡ ಜಾರೋ ಅಪಾಯ ಬೇರೆ, ಜಾರಿದ್ಮೇಲೆ ಏಳೋ ಶಕ್ತಿ ಬೇರೆ, ಎರಡನ್ನೂ ಒಂದೇ ಪಿಸಿಎಗೆ ತುರುಕಬೇಡಿ. ಸೂಚ್ಯಂಕ ಬಂದ್ಮೇಲೆ ಒಂದೊಂದೇ ವೇರಿಯಬಲ್ ತೆಗೆದು ಮತ್ತೆ ಓಡಿಸಿ, ಮೊದಲ ಹತ್ತು ಊರಿನ ಪಟ್ಟಿ ಪ್ರತಿ ಸಲ ಬದಲಾಗ್ತಿದ್ರೆ ಆ ಪಟ್ಟಿನ ಯಾರಿಗೂ ಕೊಡ್ಬೇಡಿ, ಅದನ್ನ ನೋಡಿ ಯಾರಾದ್ರೂ ದುಡ್ಡು ಹಂಚಿಬಿಟ್ಟಾರು.

ಮನೆ ಮನೆ ಸರ್ವೆ ಮಾಡೋರಿಗೆ ಒಂದೇ ಮಾತು. ಲೈನ್ ಮನೆ ಬಾಗಿಲಲ್ಲಿ ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಐದು ಅಂಕದ ಸ್ಕೇಲ್ ಪ್ರಶ್ನೆ ಕೇಳಿದ್ರೆ ಎಲ್ಲದಕ್ಕೂ "ಸರಿ, ಸರಿ" ಅಂತಾರೆ, ಆಮೇಲೆ ಕ್ರೋನ್‌ಬಾಕ್ ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದ್ತವೆ ಅನ್ನೋ ಅಂಕಿ) 0.9 ಬಂತು ಅಂತ ನೀವು ಕುಣೀತೀರಿ. ಅದು ವಿಶ್ವಾಸಾರ್ಹತೆ ಅಲ್ಲ, ಭಯ. ಕೆಲವು ಪ್ರಶ್ನೆ ಉಲ್ಟಾ ಮಾಡಿ ಕೇಳಿ, ಭಾನುವಾರ ಸಂತೆ ದಿನ ಮೇಸ್ತ್ರಿ ಇಲ್ಲದಾಗ ಹೋಗಿ, ಯರವ ಭಾಷೆ ಬಲ್ಲವ್ರನ್ನ ಜೊತೆಗೆ ಕರ್ಕೊಂಡು ಹೋಗಿ.

ಬರೆಯುವಾಗ ಲೋಡಿಂಗ್ ಟೇಬಲ್ (ಯಾವ ವೇರಿಯಬಲ್ ಯಾವ ಕಾಂಪೊನೆಂಟ್‌ಗೆ ಎಷ್ಟು ಅಂಟಿದೆ ಅನ್ನೋ ಪಟ್ಟಿ) ಪೂರ್ತಿ ಕೊಡಿ, ಯಾವ ಕಾಲಂ ಯಾಕೆ ಬಿಟ್ರಿ ಅಂತನೂ ಬರೀರಿ. ಮೂರು ನಾಲ್ಕು ಮನೆ ಇರೋ ಹಾಡಿ ಇದ್ರೆ ಹೆಸರು ತೆಗೀರಿ, ಕೋಡ್ ಹಾಕಿದ್ರೂ ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಕೊನೇ ಹಂತ, ಮ್ಯಾಪ್ ಪ್ರಿಂಟ್ ಮಾಡಿ ಊರಿಗೆ ವಾಪಸ್ ಒಯ್ಯಿರಿ. ನಾನು ಹೊಸ ಮ್ಯಾಪ್ ತಗೊಂಡು ಅದೇ ತೋಟಕ್ಕೆ ಹೋದಾಗ ರೈಟ್ರಣ್ಣ ಬಣ್ಣ ನೋಡಿ "ಈಗ ಪರ್ವಾಗಿಲ್ಲ" ಅಂದ್ರು. ಹಿಂದೆ ನಿಂತಿದ್ದ ಅಕ್ಕ ಒಬ್ರು ಕೈಯೊರೆಸ್ಕೊಂಡು ಬಗ್ಗಿ ನೋಡಿ, "ನಮ್ಮ ಲೈನ್ ಇದ್ರಲ್ಲಿ ಎಲ್ಲಿದೆ?" ಅಂತ ಕೇಳಿದ್ರು. ಎಲ್ಲೂ ಇರ್ಲಿಲ್ಲ, ಪಂಚಾಯ್ತಿಗೆ ಒಂದೇ ಬಣ್ಣ. ಪೆನ್ನು ಕೊಟ್ಟೆ, ಅವ್ರು ಕೆರೆ ಯಾವ ಕಡೆ, ರಸ್ತೆ ಯಾವ ಕಡೆ ಅಂತ ಕೇಳ್ಕೊಂಡು ಒಂದು ಚುಕ್ಕಿ ಇಟ್ರು, ಆಮೇಲೆ ಪಕ್ಕದ ತೋಟದ ಲೈನ್‌ಗೂ ಒಂದು. ಈಗ ಮ್ಯಾಪ್ ಎ3 ಹಾಳೇಲೇ ತೆಗೆಸ್ತೀನಿ, ಬಣ್ಣ ತೆಳು ಇಡ್ತೀನಿ, ಮೇಲೆ ಬರೆದ್ರೆ ಕಾಣ್ಬೇಕಲ್ಲ, ಜೇಬಲ್ಲಿ ಎರಡು ಪೆನ್ನು.